ಮೂರು ಗಂಟೆಯ ಪಾಳಿ

ಮಧ್ಯಾಹ್ನ ಮೂರಾಗುತ್ತ ಬಂದಂತೆ ಅಮ್ಮ ಚಪ್ಪಲಿ ಹುಡುಕಲು ಶುರುಮಾಡುತ್ತಿದ್ದಳು. ಎಪ್ಪತ್ತೆಂಟು ವರ್ಷದ ಹೆಂಗಸು. ಬಟ್ಟೆ ಮಿಲ್ಲಿನಲ್ಲಿ ಮೂವತ್ತೊಂಬತ್ತು ವರ್ಷ ಎರಡನೇ ಪಾಳಿ ಮಾಡಿದವಳು. ಮಗ್ಗಗಳ ಸದ್ದಿಗೆ ಎರಡೂ ಕಿವಿ ಮುಕ್ಕಾಲು ಪಾಲು ಹೋಗಿದ್ದವು. ಮಿಲ್ಲು ಮುಚ್ಚಿ, ಕೆಡವಿ, ಅಲ್ಲಿ ಲಾರಿ ನಿಲ್ಲಿಸುವ ಬಯಲು ಮಾಡಿ ಇಪ್ಪತ್ತು ವರ್ಷ ಕಳೆದಿತ್ತು. ಆದರೆ ಮರೆವಿನ ಕಾಯಿಲೆ ಬಂದು ಒಂದೊಂದನ್ನೇ ಅಳಿಸುತ್ತ ಹೋದಾಗ ಅಮ್ಮನ ತಲೆಯಲ್ಲಿ ಉಳಿದ ಗಡಿಯಾರ ಅದೊಂದೇ.

"ಹೊತ್ತಾಯ್ತು ಕಣೇ, ಗೇಟು ಹಾಕ್ಬಿಡ್ತಾರೆ" ಎಂದು ಬಾಗಿಲಿನ ಚಿಲಕದ ಜೊತೆ ಗುದ್ದಾಡುತ್ತಿದ್ದಳು.

ಎರಡು ಸಲ ತಪ್ಪಿಸಿಕೊಂಡು ಹೋಗಿದ್ದಳು. ಮೊದಲನೆಯ ಸಲ ಲಾರಿ ಚಾಲಕನೊಬ್ಬ ಕೈಹಿಡಿದು ಕರೆತಂದಿದ್ದ. ಎರಡನೆಯ ಸಲ ಚರಂಡಿಯ ಅಂಚಿನಲ್ಲಿ ಬಿದ್ದು ಮಣಿಕಟ್ಟು ಮುರಿದಿತ್ತು. ಡಾಕ್ಟರು ಮಂಪರಿನ ಮಾತ್ರೆ ಕೊಟ್ಟರು. ಅದನ್ನು ನುಂಗಿದ ಅಮ್ಮ ಬಚ್ಚಲಲ್ಲಿ ಜಾರಿ ಹಣೆ ಒಡೆದುಕೊಂಡಳು. ಮಾತ್ರೆ ಬೇಡವೆಂದಾಯಿತು.

ನೋಡಿಕೊಳ್ಳುವವಳು ಮಗಳೊಬ್ಬಳೇ. ಮದುವೆಯಾಗಿ ನಾಲ್ಕೇ ವರ್ಷಕ್ಕೆ ತವರಿಗೆ ವಾಪಸು ಬಂದವಳಿಗೆ ಈಗ ನಲವತ್ತೊಂಬತ್ತು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ. ಬೆಳಿಗ್ಗೆ ಪಕ್ಕದ ಮನೆಯಾಕೆ ಅಮ್ಮನ ಬಳಿ ಕೂರುತ್ತಿದ್ದರು. ಮಗಳು ಎರಡೂವರೆಗೆಲ್ಲ ಓಡೋಡಿ ಮನೆ ಸೇರಿ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಅಮ್ಮ ಹೊಡೆಯುತ್ತಿದ್ದಳು, ಪರಚುತ್ತಿದ್ದಳು, ಕೊನೆಗೆ ಬಾಗಿಲ ಬುಡದಲ್ಲಿ ಕುಸಿದು ಅಳುತ್ತಿದ್ದಳು. ಕತ್ತಲಾಗುವವರೆಗೆ ಇದೇ ಪಾಡು.

ಮಹಡಿಯ ಮೇಲೆ ಹೊಸದಾಗಿ ಬಾಡಿಗೆಗೆ ಬಂದವನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಮೂವತ್ತೈದರ ಆಸುಪಾಸು, ಇರುವೆಗೂ ದಾರಿ ಬಿಟ್ಟು ನಡೆಯುವಂಥ ಆಸಾಮಿ. ಬೀದಿಯವರು ಅವನಿಗೆ 'ಗುಡುಗಪ್ಪ' ಎಂದು ಹೆಸರಿಟ್ಟಿದ್ದರು. ಭಾನುವಾರ ಮಧ್ಯಾಹ್ನ ಅವನು ಗಿಟಾರನ್ನು ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿ ಹೆವಿ ಮೆಟಲ್ ಬಾರಿಸುತ್ತಿದ್ದ. ಅದು ಸಂಗೀತವೋ ಮನೆ ಕೆಡವುವ ಕೆಲಸವೋ ಎಂದು ಬೀದಿಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ.

ಅವನು ಬಂದ ಮೊದಲ ಭಾನುವಾರ ಅಮ್ಮ ಎಂದಿನಂತೆ ಚಿಲಕ ಎಳೆಯುತ್ತಿದ್ದಳು. ಮೇಲೆ ಶುರುವಾಯಿತು. ದಡದಡ ದಡದಡ ಎಂದು ಒಂದೇ ಸಮನೆ ಕುದುರೆ ಓಡಿದ ಹಾಗೆ. ಬಾಗಿಲಿನ ಹಲಗೆ ನಡುಗಿತು. ಅಮ್ಮನ ಅಂಗೈ ಹಲಗೆಯ ಮೇಲಿತ್ತು. ಅವಳು ಎಳೆಯುವುದನ್ನು ನಿಲ್ಲಿಸಿದಳು. ತಿರುಗಿ ಬಂದಳು, ಕುರ್ಚಿಯನ್ನು ಗೋಡೆಗೆ ಆನಿಸಿ ಕೂತಳು. ಆಮೇಲೆ ಅವಳ ಕೈಗಳು ಆಡತೊಡಗಿದವು. ಕಾಣದ ಎಳೆಯೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಸುತ್ತಿ, ಗಂಟು ಹಾಕಿ, ಉಗುರಿನಿಂದ ಚಿವುಟಿ, ಮುಂದಿನ ಎಳೆಗೆ ಹೋಗುತ್ತಿದ್ದವು. ಮುಖದಲ್ಲಿ ಕೆಲಸಗಾರರ ಆ ಗಂಭೀರ ಕಳೆ. ಮಗಳು ಅದನ್ನು ಕಂಡು ಎರಡು ವರ್ಷವಾಗಿತ್ತು.

ಅವಳು ಮೆಟ್ಟಿಲು ಹತ್ತಿ ಹೋದಾಗ ಮೇಷ್ಟ್ರು ಬಾಗಿಲು ತೆಗೆದವನೇ ಕೈಮುಗಿದ.

"ತಪ್ಪಾಯ್ತು ಅಕ್ಕ, ಸೌಂಡ್ ಕಮ್ಮಿ ಮಾಡ್ತೀನಿ."

"ಕಮ್ಮಿ ಮಾಡ್ಬೇಡಿ. ಇನ್ನೂ ಸ್ವಲ್ಪ ಜಾಸ್ತಿ ಮಾಡೋಕಾಗುತ್ತಾ ಅಂತ ಕೇಳೋಕ್ ಬಂದೆ."

ತಮಾಷೆ ಮಾಡುತ್ತಿದ್ದಾಳೆಯೇ ಎಂದು ಅವನು ಅವಳ ಮುಖ ನೋಡಿದ. ಅವಳು ಅಮ್ಮನ ವಿಷಯ ಹೇಳಿದಳು.

ವಾರದ ಮಿಕ್ಕ ದಿನಗಳಿಗೆ ಏನಾದರೂ ದಾರಿ ಬೇಕಿತ್ತು. ಮೊದಲು ಹಾಡುಗಳ ರೆಕಾರ್ಡು ಹಾಕಿ ನೋಡಿದರು. ಹಾಡು ನಡುವೆ ನಿಂತ ಕೂಡಲೇ ಅಮ್ಮ "ಎಳೆ ಕಡೀತು" ಎಂದು ಏಳುತ್ತಿದ್ದಳು. ಹಾಡುವವನು ಕಿರುಚಿದಾಗಲಂತೂ ಮಂಚದ ಕೆಳಗೆ ತೂರಿಕೊಂಡಳು. ಮೇಷ್ಟ್ರು ಒಂದೇ ತುಣುಕನ್ನು ಅರ್ಧ ಗಂಟೆ ಬಾರಿಸಿ, ರೆಕಾರ್ಡು ಮಾಡಿ ಕೊಟ್ಟ. ಅದು ಎರಡು ದಿನ ನಡೆಯಿತು. ಮೂರನೆಯ ದಿನ ಅಮ್ಮ ಎದ್ದು ಹಾಡಿನ ಪೆಟ್ಟಿಗೆಯ ಹಿಂದೆ ಮುಂದೆ ಇಣುಕಿದಳು. "ಆಳಿಲ್ದೆ ಮಗ್ಗ ಓಡ್ತಿದೆ! ಯಾರೂ ಇಲ್ಲ!" ಎಂದು ಬೆದರಿ ವೈರುಗಳನ್ನೆಲ್ಲ ಕಿತ್ತು ಹಾಕಿದಳು. ಯಾರಾದರೂ ಕೂತು ಓಡಿಸಲೇಬೇಕು ಎಂಬುದು ಸ್ಪಷ್ಟವಾಯಿತು.

"ನಂಗೆ ಕಲಿಸಿ" ಎಂದಳು ಮಗಳು. "ಪೂರ್ತಿ ಹಾಡು ಬೇಡ. ಆ ತುಣುಕೊಂದು ಸಾಕು."

ಮೇಷ್ಟ್ರು ತನ್ನ ಹಳೆಯ ಗಿಟಾರೊಂದನ್ನೂ ಸಣ್ಣ ಸ್ಪೀಕರ್ ಪೆಟ್ಟಿಗೆಯನ್ನೂ ಕೆಳಗೆ ತಂದಿಟ್ಟ. ಒಂದು ಕಾಲದಲ್ಲಿ ಅವನದೊಂದು ಬ್ಯಾಂಡಿತ್ತು. ಡ್ರಮ್ಮಿನವನು ಮದುವೆಯಾದ, ಹಾಡುವವನ ಗಂಟಲು ಹೋಯಿತು, ಅಲ್ಲಿಗೆ ಮುಗಿಯಿತು. ಆ ತುಣುಕು ಅವರೇ ಕಟ್ಟಿದ ಹಾಡಿನ ಮೊದಲ ಭಾಗ.

ಕಲಿಸುವಾಗಲೂ ಅವನ ಬಾಯಲ್ಲಿ ಬರುತ್ತಿದ್ದುದು ಡ್ರೈವಿಂಗ್ ಪಾಠದ ಮಾತೇ. "ಎಡಗೈ ಸ್ಟೇರಿಂಗು ಅಕ್ಕ, ಬಲಗೈ ಇಂಜಿನ್ನು. ಎಡಗೈಲಿ ಎರಡೇ ಬೆರಳು ಸಾಕು. ಬಲಗೈ ಬರೀ ಕೆಳಮುಖ ಹೊಡೀಬೇಕು, ಮೇಲಕ್ಕೆ ಹೊಡೀಬಾರದು." ಅಂಗೈಯ ಅಂಚನ್ನು ತಂತಿಗಳ ಬುಡದಲ್ಲಿ ಒರಗಿಸಿಟ್ಟು ಹೊಡೆದರೆ ಸದ್ದು ಕುಗ್ಗಿ, ಗಟ್ಟಿಯಾಗಿ, ಕುಟ್ಟಿದ ಹಾಗೆ ಬರುತ್ತಿತ್ತು. "ಹೆವಿ ಮೆಟಲ್ ಅಂದ್ರೆ ಗಲಾಟೆ ಅಂದ್ಕೊಂಡಿರ್ತಾರೆ ಜನ. ಇಲ್ಲಿ ಅರ್ಧ ಕೆಲಸ ಬೇಡದ ತಂತಿ ಬಾಯಿ ಬಿಡದ ಹಾಗೆ ನೋಡ್ಕೊಳ್ಳೋದು."

ಅದು ಅವಳಿಗೆ ಬೇಗ ಅರ್ಥವಾಯಿತು. ತಿರುಗುವ ಕಲ್ಲಿಗೆ ಗಾಜು ಒತ್ತುವಾಗ ಕೂದಲೆಳೆಯಷ್ಟು ಹೆಚ್ಚಾದರೂ ಗಾಜು ಸೀಳುತ್ತದೆ, ಕಮ್ಮಿಯಾದರೆ ಉಜ್ಜುವುದಿಲ್ಲ. ಆ ಒತ್ತು ಅವಳ ಕೈಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ವೇಗ. ತಾಳದ ಯಂತ್ರವನ್ನು ನಿಮಿಷಕ್ಕೆ ಎಂಬತ್ತು ಬಡಿತಕ್ಕೆ ಇಟ್ಟು ಶುರುಮಾಡಿದರು. ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದು, ಒಡೆದು, ಜಡ್ಡುಗಟ್ಟಿದವು. ರಾತ್ರಿ ಮಣಿಕಟ್ಟು ಸೆಳೆಯುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷು ಕೈಯಲ್ಲಿ ನಿಲ್ಲುತ್ತಿರಲಿಲ್ಲ. "ನಿಮ್ಮನೇಲೂ ಗುಡುಗು ಶುರುವಾಯ್ತಾ?" ಎಂದು ಪಕ್ಕದ ಮನೆಯಾಕೆ ಮುಖ ಕಿವುಚಿದರು. ಆದರೆ ಬಾಗಿಲ ಬುಡದ ಅಳು ಕೇಳಿದ್ದವರಾದ್ದರಿಂದ ಅದಕ್ಕಿಂತ ಹೆಚ್ಚು ಅನ್ನಲಿಲ್ಲ.

ಅಮ್ಮನ ಕುರ್ಚಿಯ ಮುಂದೆ ಮಗಳು ಒಂದು ಹಲಗೆ ಹಾಕಿ, ಅದಕ್ಕೆ ತಾಗುವಂತೆ ಸ್ಪೀಕರ್ ಪೆಟ್ಟಿಗೆ ಇಟ್ಟಿದ್ದಳು. ಅಮ್ಮನ ಬರಿಗಾಲಿಗೆ ಅದರ ನಡುಕ ತಾಗುತ್ತಿತ್ತು. ಮೊದಮೊದಲು ಅಮ್ಮ ಬಾಯಿ ಸೊಟ್ಟಗೆ ಮಾಡುತ್ತಿದ್ದಳು.

"ಯಾರೇ ಇದು, ಹೊಸಬಳಾ? ಮಗ್ಗ ಕುಂಟ್ತಾ ಇದೆ. ಮೇಸ್ತ್ರಿ ಬಂದ್ರೆ ನಿನ್ನ ಚರ್ಮ ಸುಲೀತಾನೆ."

"ಕಲೀತಾ ಇದೀನಿ ಕಣಮ್ಮ."

"ಕಲಿ ಕಲಿ. ಕಣ್ಣು ಎಳೆ ಮೇಲಿರ್ಲಿ, ನನ್ನ ಮೇಲಲ್ಲ."

ನೂರು, ನೂರಿಪ್ಪತ್ತು, ನೂರೈವತ್ತು. ನಾಲ್ಕು ತಿಂಗಳು ಹಿಡಿಯಿತು. ವೇಗ ಏರಿದಷ್ಟೂ ಅಮ್ಮ ಕೂರುವ ಹೊತ್ತು ಹೆಚ್ಚಿತು. ಒಂದು ದಿನ ಅವಳು ತಾನಾಗಿಯೇ, "ಇವತ್ತು ಪರವಾಗಿಲ್ಲ ಕಣೇ" ಎಂದಳು. ಮಗಳು ಅಡುಗೆಮನೆಗೆ ಹೋಗಿ ಸೆರಗಿಗೆ ಮುಖ ಒತ್ತಿಕೊಂಡು ಬಂದಳು.

ನೂರೆಪ್ಪತ್ತು ಮುಟ್ಟಿದ ದಿನ ಅನಾಹುತವಾಯಿತು.

ಅಂದು ಅವಳ ಕೂದಲ ಕ್ಲಿಪ್ಪು ಮುರಿದಿತ್ತು. ಗಿಟಾರಿನ ಮೇಲೆ ಬಾಗಿದಾಗ ಜಡೆ ಬಿಚ್ಚಿಕೊಂಡು ತಂತಿಗಳ ಮೇಲೆ ಜಾರಿತು. ಅವಳಿಗೆ ಅದರ ಪರಿವೆಯಿರಲಿಲ್ಲ. ಒಂದೂ ತಪ್ಪಿಲ್ಲದೆ ಬರುತ್ತಿದ್ದುದು ಅದೇ ಮೊದಲು. ಕೈ ಅವಳದಲ್ಲ ಎಂಬಂತೆ ಓಡುತ್ತಿತ್ತು. ಕಣ್ಣೆತ್ತಿದಾಗ ಅಮ್ಮನ ಬಾಯಿ ಆಡುತ್ತಿರುವುದು ಕಂಡಿತು. ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಇನ್ನೊಂದೇ ಸುತ್ತು, ಮುಗಿಸಿ ಕೇಳೋಣ ಅಂದುಕೊಂಡಳು. ಆ ಸುತ್ತು ಮುಗಿಯುವಷ್ಟರಲ್ಲಿ ಅಮ್ಮ ಕುರ್ಚಿಯಿಂದ ನೆಲಕ್ಕೆ ಬಿದ್ದಿದ್ದಳು. ತನ್ನ ಬೆಳ್ಳಗಿನ ಕೂದಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಎಳೆದುಕೊಳ್ಳುತ್ತ, "ನಿಲ್ಸಿ! ಮಗ್ಗ ನಿಲ್ಸಿ! ಜಡೆ!" ಎಂದು ಅರಚುತ್ತಿದ್ದಳು.

ಮಗಳು ಗಿಟಾರು ಬಿಸುಟು ಓಡಿ ಬಂದು ತಬ್ಬಿಕೊಂಡಳು.

"ನಿಂತಿತಮ್ಮ, ನಿಂತಿತು. ಯಾರ ಜಡೆ?"

"ತಂಗೀದು. ಬೆಲ್ಟಿಗೆ ಸಿಕ್ತು."

ಗೋಡೆಯ ಮೇಲೆ ಚಿಕ್ಕಮ್ಮನ ಫೋಟೋ ಇತ್ತು. ಹತ್ತೊಂಬತ್ತರ ಹುಡುಗಿ, ಎದೆಯ ಮೇಲೆ ದಪ್ಪ ಜಡೆ. ಜ್ವರ ಬಂದು ತೀರಿಹೋದಳು ಎಂದೇ ಮನೆಯಲ್ಲಿ ಹೇಳುತ್ತಿದ್ದರು. ಚಿಕ್ಕಮ್ಮ ಮಿಲ್ಲಿಗೆ ಹೋಗುತ್ತಿದ್ದಳೆಂಬುದೇ ಮಗಳಿಗೆ ತಿಳಿದಿರಲಿಲ್ಲ.

ಅಮ್ಮ ಮಗಳ ತೋಳು ಬಿಗಿಯಾಗಿ ಹಿಡಿದು ತುಂಡುತುಂಡಾಗಿ ಹೇಳಿದಳು. ಅಂದು ಪಾಳಿಗೆ ಹೊರಡುವಾಗ ಅಕ್ಕತಂಗಿಯರಿಗೆ ಜಗಳವಾಗಿತ್ತು. "ನನ್ನ ಹೊಸ ಚಪ್ಪಲಿ ಹಾಕ್ಕೊಂಡು ಬಂದಿದ್ಲು. ಕೇಳ್ಲೇ ಇಲ್ಲ. ದಾರೀಲೆಲ್ಲ ಮಾತು ಬಿಟ್ಟಿದ್ದೆ." ಮಿಲ್ಲಿನಲ್ಲಿ ಇಬ್ಬರ ಮಗ್ಗಗಳೂ ಬೆನ್ನಿಗೆ ಬೆನ್ನು. ತಂಗಿಯ ಮಗ್ಗ ನಿಲ್ಲಿಸುವ ಹಿಡಿ ಅಮ್ಮನ ಕೈಯಳತೆಯಲ್ಲೇ ಇತ್ತು. "ಅಕ್ಕಾ ಅಂದ್ಲು. ನಂಗೆ ಕೇಳಿಸ್ತು. ಆಗ ಕಿವಿ ಚೆನ್ನಾಗಿತ್ತು. ರಾಜಿ ಆಗೋಕೆ ಕರೀತಿದಾಳೆ ಅಂದ್ಕೊಂಡೆ. ಕರೀಲಿ, ಇನ್ನೊಂದ್ಸಲ ಕರೀಲಿ ಅಂತ ತಿರುಗಿ ನೋಡ್ಲಿಲ್ಲ." ಆಮೇಲೆ, "ಕೇಳಿಸ್ಲಿಲ್ಲ ಅಂತಾನೇ ಹೇಳಿದೆ. ಮೇಸ್ತ್ರಿಗೂ, ಅಪ್ಪಂಗೂ. ಎಲ್ಲರ ಹತ್ರಾನೂ" ಎಂದಳು.

ಅದಾದ ಮೇಲೆ ಮಗಳು ಒಂದು ವಾರ ಗಿಟಾರು ಮುಟ್ಟಲಿಲ್ಲ. ಆ ವಾರ ಹಿಂದಿನ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಮೂರಾಯಿತೆಂದರೆ ಅಮ್ಮ ತಂಗಿಯ ಹೆಸರು ಹಿಡಿದು ಕೂಗುತ್ತ ಬಾಗಿಲಿಗೆ ತಲೆ ಜಜ್ಜಿಕೊಳ್ಳುತ್ತಿದ್ದಳು. ಮಗಳು ಮೇಲೆ ಹೋಗಿ ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿದಳು. 

"ನಂದೇ ತಪ್ಪು ಅಕ್ಕ. ಬ್ರೇಕು ಹೇಳಿಕೊಡದೆ ಗೇರು ಹಾಕಿಸಿಬಿಟ್ಟೆ."

ಆಮೇಲೆ ಹತ್ತು ದಿನ ನಿಲ್ಲಿಸುವುದೊಂದನ್ನೇ ಕಲಿಸಿದ. ಪೂರ್ತಿ ವೇಗದಲ್ಲಿರುವಾಗ ಎರಡೂ ಕೈಗಳನ್ನು ಒಟ್ಟಿಗೆ ತಂತಿಗಳ ಮೇಲೆ ಚಪ್ಪಟೆಯಾಗಿ ಬೀಳಿಸಬೇಕು. ಗುಂಯ್ ಎನ್ನುವ ಬಾಲವೂ ಉಳಿಯಬಾರದು. ಮೊದಲು ಅವನು ಚಪ್ಪಾಳೆ ತಟ್ಟಿದಾಗ ನಿಲ್ಲಿಸಿದಳು, ಆಮೇಲೆ ಬರೀ ತುಟಿ ಅಲುಗಿಸಿದಾಗ. ಬಾರಿಸುವುದಕ್ಕಿಂತ ಅದೇ ಕಷ್ಟವಾಗಿತ್ತು, ಏಕೆಂದರೆ ಕಣ್ಣು ಒಂದು ಕ್ಷಣವೂ ಕೈಯ ಕಡೆ ಇಳಿಯುವಂತಿರಲಿಲ್ಲ.

ಹನ್ನೊಂದನೆಯ ದಿನ ಮೂರು ಗಂಟೆಗೆ ಅವಳು ಅಮ್ಮನ ಎದುರು ಕೂತು, ಮುಖದ ಮೇಲೆ ಕಣ್ಣು ನೆಟ್ಟು ಬಾರಿಸಿದಳು. ಅಮ್ಮನ ಕೈಗಳು ಗಂಟು ಹಾಕುತ್ತಿದ್ದವು. ಇಪ್ಪತ್ತು ನಿಮಿಷದ ಮೇಲೆ ಅಮ್ಮನ ಕೈ ನಿಂತಿತು, ತುಟಿ ತೆರೆಯಿತು. ಮಾತು ಹೊರಡುವ ಮುಂಚೆಯೇ ಮಗಳು ತಂತಿಗಳನ್ನು ಅಮುಕಿದಳು. ಕೋಣೆ ಸ್ತಬ್ಧವಾಯಿತು.

"ನಿಂತಿತಾ?"

"ನಿಂತಿತು."

"ಬಂದ್ಲಾ?"

ಏನು ಹೇಳಬೇಕೆಂದು ಅವಳು ಮೊದಲೇ ಯೋಚಿಸಿರಲಿಲ್ಲ. "ಬಂದ್ಲು" ಅಂದಳು.

"ಎಲ್ಲಿ? ತೋರ್ಸು."

ಮಗಳು ಗಿಟಾರು ಕೆಳಗಿಟ್ಟು, ಅಮ್ಮನ ಮುಂದೆ ಕೂತು ತಲೆಯನ್ನು ಅವಳ ಮಡಿಲಲ್ಲಿ ಇಟ್ಟಳು. ಒರಟು ಬೆರಳುಗಳು ಕೂದಲ ಬುಡದಲ್ಲಿ ಹರಿದಾಡಿದವು, ಕಿವಿಯ ಹಿಂದೆ, ನೆತ್ತಿಯ ಮೇಲೆ, ಗಾಯಕ್ಕಾಗಿ ತಡಕಾಡುತ್ತ. "ನೋವಾಯ್ತಾ ಪುಟ್ಟಿ?" ಎಂದು ಅಮ್ಮ ಕೇಳಿದಳು. ಮಗಳನ್ನು ಆ ಹೆಸರಿನಿಂದ ಅವಳು ಎಂದೂ ಕರೆದಿರಲಿಲ್ಲ.

ಹೀಗೆ ಒಂದೂವರೆ ತಿಂಗಳು ನಡೆಯಿತು. ದಿನವೂ ಸರಿಹೋಗುತ್ತಿತ್ತು ಎಂದಲ್ಲ. ಅರೆಗಳಿಗೆ ತಡವಾದರೆ ಅರಚಾಟ, ರಕ್ತ. ಒಮ್ಮೆ ತಲೆ ಸವರುತ್ತಿದ್ದ ಅಮ್ಮ ತಟ್ಟನೆ ಕೂದಲು ಜಗ್ಗಿ, "ಸುಳ್ಳು ಹೇಳ್ತೀಯಾ? ನೀನು ಅವಳಲ್ಲ, ಅವಳನ್ನ ನಾನೇ ಬಿಳೀ ಬಟ್ಟೇಲಿ ನೋಡಿದೀನಿ" ಎಂದು ಅವಳನ್ನು ದೂಡಿದಳು. ಅಂದು ಮಗಳು ಕನ್ನಡಿಯ ಮುಂದೆ ನಿಂತು ಜಡೆಯನ್ನು ಕತ್ತರಿಸಿಬಿಡಲೆಂದು ಕತ್ತರಿ ಹಿಡಿದಿದ್ದಳು. ಮಾರನೆಯ ದಿನ ಮೂರಕ್ಕೆ ಅಮ್ಮನಿಗೆ ಆ ಜಡೆ ಬೇಕಾಗುತ್ತದಲ್ಲ ಎಂದು ಕತ್ತರಿ ಕೆಳಗಿಟ್ಟಳು.

ಆಮೇಲೊಂದು ಮಧ್ಯಾಹ್ನ ಅಮ್ಮ ಏನೂ ಹೇಳಲಿಲ್ಲ. ಇಪ್ಪತ್ತು ನಿಮಿಷವಾಯಿತು, ನಲವತ್ತಾಯಿತು. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಮಗಳು ತುಟಿಯನ್ನೇ ನೋಡುತ್ತ ಬಾರಿಸಿದಳು. ಮಣಿಕಟ್ಟು ಉರಿಯಿತು, ಬೆರಳ ಜಡ್ಡು ಸೀಳಿತು. ಐದು ಗಂಟೆಗೆ ತಾನೇ ನಿಲ್ಲಿಸಿದಳು. ಅಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು.

"ಅಮ್ಮ, ಮಗ್ಗ ನಿಂತಿತು."

"ಯಾವ ಮಗ್ಗ?" ಎಂದಳು ಅಮ್ಮ. ಅಷ್ಟು ಮೆತ್ತಗೆ, ಅಪರಿಚಿತರಿಗೆ ಉತ್ತರಿಸುವ ಹಾಗೆ.

ಮರುದಿನವೂ ಹಾಗೆಯೇ. ಮೂರು ಗಂಟೆ ಬಂತು, ಹೋಯಿತು. ಅಮ್ಮ ಚಪ್ಪಲಿ ಹುಡುಕಲಿಲ್ಲ. ಮಿಲ್ಲು, ತಂಗಿ, ಕೂಗಿದ್ದು, ಕೇಳಿಸಿದ್ದು, ಎಲ್ಲ ಅವಳಿಂದ ಕಳಚಿ ಹೋಗಿತ್ತು. ಇಷ್ಟು ವರ್ಷ ಹೊತ್ತದ್ದು ಕೊನೆಗೂ ಇಳಿಯಿತಲ್ಲ ಎಂದು ಮಗಳು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. ಈಗ ಅದನ್ನು ಹೊತ್ತವಳು ಅವಳೊಬ್ಬಳೇ. ಅಂಗಡಿಯಲ್ಲಿ ಕಲ್ಲು ಕಿರ್ರೆಂದರೆ ಬೆನ್ನ ಹಿಂದೆ ಯಾರೋ ಕರೆದಂತಾಗಿ ತಿರುಗಿ ನೋಡುತ್ತಿದ್ದಳು. ಎರಡು ಜೊತೆ ಗಾಜು ಸೀಳಿ ಬೈಸಿಕೊಂಡಳು.

ಅಮ್ಮ ಮೂರು ತಿಂಗಳು ಹಾಸಿಗೆಯಲ್ಲಿದ್ದು, ಎದೆಯಲ್ಲಿ ಕಫ ಕಟ್ಟಿ, ಒಂದು ಬೆಳಿಗ್ಗೆ ತೀರಿಕೊಂಡಳು. ಮಗಳು ಅವಳ ಕಾಲ ಬಳಿ ಕೂತಿದ್ದಳು. ಅಮ್ಮ ಕೊನೆಗೆ ಏನನ್ನೂ ಕೇಳಲಿಲ್ಲ, ಯಾರನ್ನೂ ಕರೆಯಲಿಲ್ಲ.

ಹದಿನೈದು ದಿನ ಬಿಟ್ಟು ಅವಳು ಗಿಟಾರನ್ನು ಒರೆಸಿ, ಮೇಲೆ ಹೋಗಿ ಮೇಷ್ಟ್ರ ಬಾಗಿಲಲ್ಲಿ ನಿಂತಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ.

"ಇನ್ನೂ ಹಾಡು ಬಾಕಿ ಇದೆ ಅಕ್ಕ. ನಿಮಗೆ ಬರೋದು ಕಾಲು ಭಾಗ ಅಷ್ಟೆ."

"ಇನ್ನು ಯಾಕೆ ಹೇಳಿ?"

ಅವನು ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿಕೊಟ್ಟು, ಇನ್ನೊಂದು ಗಿಟಾರು ತೊಡೆಯ ಮೇಲೆ ಇಟ್ಟುಕೊಂಡು ಕಾದ. ಅವಳು ಬಾಗಿಲಲ್ಲೇ ನಿಂತಿದ್ದಳು. ಕೆಳಗೆ ಅವಳ ಮನೆಯಲ್ಲಿ ಯಾರೂ ಇರಲಿಲ್ಲ.

ಒಳಗೆ ಬಂದು ಕೂತಳು. ಎರಡನೆಯ ಭಾಗದಲ್ಲಿ ನಾಲ್ಕೂ ಬೆರಳು ಬೇಕಿತ್ತು, ಕಿರುಬೆರಳು ಮಾತು ಕೇಳುತ್ತಿರಲಿಲ್ಲ. ಅದನ್ನು ಕಲಿಯಲು ಅವಳಿಗೆ ಮುಂದಿನ ಇಡೀ ವರ್ಷ ಹಿಡಿಯಿತು.