ಬಾಣ ಬಂದು ನಿಂತ ಜಾಗ

ಬೀಜದ ಘಟಕ ನಡೆಸುವವನಿಗೆ ಚಿತ್ರ ಬರೆಸುವ ಉಸಾಬರಿ ಯಾಕೆ ಅಂತ ನನಗೆ ಮೊದಲೇ ತಲೆ ಕೆಟ್ಟಿತ್ತು. ಹಿರೇಕೆರೂರಿನ ನಮ್ಮ ಗೋವಿನಜೋಳದ ಬೀಜಕ್ಕೆ ಗುಣಮಟ್ಟದ ಸರ್ಟಿಫಿಕೇಟು ಬೇಕಾದರೆ, ಕೆಲಸ ಹೇಗೆ ಸಾಗುತ್ತದೆಂದು ಚಿತ್ರದಲ್ಲಿ ತೋರಿಸಬೇಕಂತೆ. ಅದಕ್ಕೆಂದೇ ಬಂದಿದ್ದ ವಿದ್ಯಾ ಮೇಜಿನ ಮೇಲೆ ಮೂರು ಹಾಳೆ ಹರಡಿದಳು.

"ಇದು ಫ್ಲೋಚಾರ್ಟ್ ರೀ ಉಳವಪ್ಪ ಸರ್, ಇದು ಯುಎಂಎಲ್, ಇದು ಬಿಪಿಎಂಎನ್. ಯಾವುದ ಬೇಕು ನೋಡ್ರಿ."

ಫ್ಲೋಚಾರ್ಟ್ ಸಸಾರವಾಗಿತ್ತು. ಬೀಜ ಬಂತು, ಔಷಧ ಹಚ್ಚಿದೆವು, ಮಾರಿದೆವು, ಮುಗೀತು. ಯುಎಂಎಲ್‌ನಲ್ಲಿ ಒಂದೇ ಹೊತ್ತಿಗೆ ನಡೆಯುವ ಕೆಲಸಗಳಿಗೆ ದಪ್ಪ ಗೆರೆ ಎಳೆದಿದ್ದಳು. ಬಿಪಿಎಂಎನ್‌ನಲ್ಲಿ ಯಾವ ಕೆಲಸ ಯಾರ ಹೊಣೆ ಎಂದು ತೋರಿಸಲು ರೈತರಿಗೊಂದು ಪಟ್ಟೆ, ನನಗೊಂದು, ಗೋದಾಮಿಗೊಂದು.

"ಮೊದಲನೇದ ಸಾಕು. ಇದೇನವ್ವಾ, ಹೊಲಕ್ಕ ಬದು ಹಾಕಿದಂಗ ಹಾಕೀಯಲ್ಲ!"

"ಇದರಾಗ ಯಾವ ದಾರೀನೂ ನಡುವ ಬಿಡಾಕ ಬರಂಗಿಲ್ರಿ. ರೈತರು ವಾಪಸ್ ಕೊಟ್ಟ ಬೀಜದ ಬಾಣ ಗೋದಾಮಿಗೆ ಬಂದು ನಿಂತೈತಿ. ಮುಂದ ಯಾರ ಕೈಗೆ ಹೋಗತೈತ್ರಿ?"

"ಎಲ್ಲಿಗೆ ಹೋಗತೈತಿ? ಮೂಲ್ಯಾಗ ಬಿದ್ದಿರತೈತಿ. ಬಾ, ತೋರಸ್ತೇನಿ."

ಗೋದಾಮಿನ ಮೂಲೆಯಲ್ಲಿ ಚೀಲಗಳೆಲ್ಲ ಖಾಲಿ. ಕಸ ಗುಡಿಸುತ್ತಿದ್ದ ಚೌಡವ್ವನನ್ನು ಕೂಗಿದೆ.

"ನಾನ ಒಯ್ದೇನ್ರಿ, ಅಪ್ಪಾರ. ಕಾಳು ಚೆಲ್ಲಬಾರದಲ್ರಿ, ಲಕ್ಷ್ಮಿ ಅದು. ಕೆಂಪ ಬಣ್ಣ ಹೋಗೂ ಮಟ ತೊಳದು ಒಣಗಸ್ತೇನಿ."

ಆ ಕೆಂಪು ಬಣ್ಣ ಬೀಜಕ್ಕೆ ವಿಷದ ಔಷಧ ಹಚ್ಚಿದ್ದರ ಗುರುತು. ಬಣ್ಣ ತೊಳೆದರೆ ವಿಷ ಹೋಗುತ್ತದೆಯೇ!

"ತಿಂದೀರೇನ?" ಕೇಳಿದೆ.

"ಇಲ್ರಿ. ಹ್ವಾದ ಸಲದ್ದು ಕೋಳಿಗೆ ಹಾಕಿದ್ದೆ. ಈ ಸಲದ್ದು ಈಗಷ್ಟ ಗಿರಣಿಗೆ ಕೊಟ್ಟ ಬಂದೇನಿ. ಮಗಳು ನೀಲಾ ಬಸುರಿ ಅದಾಳಲ್ರಿ, ನುಚ್ಚು ಬೇಡಾಕತ್ತಾಳ."

ಅಯ್ಯೋ ಶಿವನೇ! ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ದೌಡಾಯಿಸಿದೆ. ಗಿರಣಿಯವನು ಚೀಲದ ಬಾಯಿ ಬಿಚ್ಚುತ್ತಿದ್ದ. ಅವನ ಕೈಯಿಂದ ಕಸಿದುಕೊಂಡೆ. ಏನಾಯ್ತ್ರಿ ಅಂತ ಅವನು ಕೇಳುತ್ತಿದ್ದಂತೆಯೇ ಚೀಲದ ಬಾಯಿ ಬಿಗಿದು ಕಟ್ಟಿದೆ. ದಾರಿಯಲ್ಲಿ ಬೈಯುತ್ತಲೇ ವಿಷದ ಸಂಗತಿ ಹೇಳಿದ್ದೆ; ಚೌಡವ್ವ ಗೋಡೆಗೊರಗಿ ಕೂತಳು.

"ಅಪ್ಪಾರ, ನನ್ನ ಕೋಳಿ ಎಲ್ಲಾ ಒಂದ ದಿನಕ್ಕ ಸತ್ತಿದ್ದುವ್ರಿ. ರೋಗ ಬಂದೈತಿ ಅನ್ಕೊಂಡಿದ್ದೆ."

ಘಟಕಕ್ಕೆ ಮರಳಿದಾಗ ವಿದ್ಯಾ ಅದೇ ಹಾಳೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಈ ಬಾಣ ಯಾರ ಪಟ್ಟೆಗೆ ಹಾಕ್ಲಿ, ಸರ್?"

"ನನ್ನದಕ್ಕ ಹಾಕವ್ವಾ," ಎಂದೆ.