ಎರಡು ದರದ ಕಿಟಕಿ ಮತ್ತು ನಾನೆಂಬ ಫ್ಲಾಸ್ಕು

ಹೊಟ್ಟೆಯಲ್ಲಿ ಕುದಿಯುವುದನ್ನು ಇಟ್ಟುಕೊಂಡು ಮೈ ತಣ್ಣಗೆ ಇರಿಸಿಕೊಳ್ಳುವುದೇ ನನ್ನ ಕಸುಬು. ಅಂದರೆ ನಾನು ಫ್ಲಾಸ್ಕು. ಈಗಿನ ಸ್ಟೀಲಿನ ಜಾತಿಯಲ್ಲ ಮತ್ತೆ! ನೆಲಕ್ಕೆ ಬಿದ್ದರೂ ಏನೂ ಆಗದಂತೆ ಉರುಳಾಡುವ ಆ ದಪ್ಪ ಚರ್ಮದವರ ಸುದ್ದಿಯನ್ನು ನನ್ನ ಮುಂದೆ ಎತ್ತಬೇಡಿ. ನನ್ನದು ಹೊರಗೆ ತಗಡು, ತಗಡಿನ ಮೇಲೆ ಕೆಂಪು ಗುಲಾಬಿ, ಒಳಗೆ ಗಾಜು. ಬೆಂಕಿಯ ಮುಂದೆ ನಿಂತ ಯಾರೋ ಊದಿ ಊದಿ ಆ ಗಾಜನ್ನು ಹಿಗ್ಗಿಸಿದರು. ಇನ್ನೊಬ್ಬರು ಅದಕ್ಕೆ ಬೆಳ್ಳಿಯ ಹೊಳಪು ಕೊಟ್ಟರು. ಮತ್ತೊಬ್ಬರು ತಗಡಿನ ಅಂಗಿ ತೊಡಿಸಿ, ತಲೆಗೆ ಬೂಚು ಜಡಿದು, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಿ ಲಾರಿ ಹತ್ತಿಸಿದರು. ಅಂದಿನಿಂದ ನನ್ನ ಕಾಲು ನಿಂತದ್ದೇ ಇಲ್ಲ.

ಲಾರಿ ನನ್ನನ್ನು ಇಳಿಸಿದ್ದು ಹುಬ್ಬಳ್ಳಿಯಲ್ಲಿ, ಒಂದು ಪಾತ್ರೆ ಅಂಗಡಿಯ ಮುಂದೆ. ಬಂದವರೆಲ್ಲ ನನ್ನನ್ನು ಎತ್ತುವರು, ಗುಲಾಬಿ ನೋಡಿ ಚಂದ ಅನ್ನುವರು, ದರ ಕೇಳಿ ಕೆಳಗಿಡುವರು. ಒಬ್ಬ ಮಾತ್ರ ಗುಲಾಬಿಯ ಕಡೆಗೆ ಕಣ್ಣೇ ಹಾಯಿಸಲಿಲ್ಲ. ಬೂಚು ತೆಗೆದು ನನ್ನ ಬಾಯಿಗೆ ತನ್ನ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತ. ಒಳಗಿನ ಗಾಜು ಗಟ್ಟಿಯಿದ್ದರೆ ನಮ್ಮಂಥವರ ಹೊಟ್ಟೆಯಲ್ಲಿ ಗುಂಯ್ ಎಂಬ ಸದ್ದು ಕೇಳುತ್ತದೆ, ಸೀಳಿದ್ದರೆ ಕೇಳುವುದಿಲ್ಲ. ಅವನಿಗೆ ಕೇಳಿಸಿತು. ಅಂಗಡಿಯವನು ಹೇಳಿದಷ್ಟು ಕೊಟ್ಟು ನನ್ನನ್ನು ಬಗಲಲ್ಲಿ ಇಟ್ಟುಕೊಂಡ.

ಅವನ ಹೆಸರು ಪೆಂಪಾ. ಮುಂಡಗೋಡದ ಹತ್ತಿರ ಟಿಬೆಟಿನವರ ಕಾಲೊನಿಯಲ್ಲಿ ಅವನ ಮನೆ. ಹುಡುಗನಾಗಿದ್ದಾಗ ಹಿಮದ ಬೆಟ್ಟ ದಾಟಿ ಓಡಿ ಬಂದವನಂತೆ. ಅವನ ಮನೆಯಲ್ಲಿ ನನ್ನ ಹೊಟ್ಟೆಗೆ ಬಿದ್ದ ಮೊದಲ ಚಹಾ ನೆನೆಸಿಕೊಂಡರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅದಕ್ಕೆ ಬೆಣ್ಣೆ, ಅದರ ಮೇಲೆ ಉಪ್ಪು! ಅಯ್ಯೋ ನನ್ನ ಕರ್ಮವೇ ಅಂದುಕೊಂಡೆ. ಆದರೆ ಆ ಮುದುಕ ಅದನ್ನು ಗುಟುಕು ಗುಟುಕಾಗಿ ಕುಡಿಯುವುದನ್ನು ನೋಡಿ ನನಗೂ ಅದು ರೂಢಿಯಾಯಿತು.

ಪೆಂಪಾನ ಒಂದು ಹಟ ಹೇಳಬೇಕು. ಅಂಗಳ ಇಷ್ಟಗಲ ಇದ್ದರೂ ಒಂದು ಮಾವಿನ ಗಿಡ ನೆಡಗೊಡಲಿಲ್ಲ. ಅದು ಹಣ್ಣು ಬಿಡುವ ಹೊತ್ತಿಗೆ ನಾವು ಇಲ್ಲಿರುವುದಿಲ್ಲ, ಊರಿಗೆ ಹೋಗಿರುತ್ತೇವೆ ಅನ್ನುತ್ತಿದ್ದ. ಅಕ್ಕಪಕ್ಕದ ಮನೆಗಳ ಮಾವು ಬೆಳೆದು ಮಕ್ಕಳು ಕಲ್ಲು ಹೊಡೆಯುವಂತಾದರೂ ಅವನದು ಅದೇ ಮಾತು. ಇಲ್ಲಿ ಹುಟ್ಟಿದ ಅವನ ಮಗಳ ವಯಸ್ಸಿನವರು ಈ ದೇಶದ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು ಎಂಬ ಸುದ್ದಿ ಬಂದಾಗಲೂ, ಬೇಡ ಅಂದ. ಮನೆ ಬಿಟ್ಟು ಹೊರಟವರು ದಾರಿಯಲ್ಲಿ ಉಳಿದುಕೊಂಡ ಮನೆಯ ಹೆಸರು ಇಟ್ಟುಕೊಳ್ಳಬಾರದು ಅಂದ. ಮಗಳು ಎದುರಾಡಲಿಲ್ಲ.

ಮಗಳ ಹೆಸರು ಯಾಂಗ್ಚೆನ್. ಚಳಿಗಾಲ ಬಂತೆಂದರೆ ಅವಳು ಸ್ವೆಟರಿನ ಗಂಟು ಕಟ್ಟಿಕೊಂಡು ಮಾರಲು ಹುಬ್ಬಳ್ಳಿಗೆ ಹೊರಡುವಳು. ಗಂಟಿನ ಮೇಲೆ ನಾನು. ಅಪ್ಪ ತಾನಾಗಿಯೇ ನನ್ನನ್ನು ಅವಳ ಕೈಗೆ ಕೊಟ್ಟಿದ್ದ. ಬಸ್ಸು, ಧೂಳು, ಗಂಟು ಬಿಚ್ಚು, ಗಂಟು ಕಟ್ಟು, ಮತ್ತೆ ಬಸ್ಸು. ಅವಳ ಜೊತೆಗೆ ನಾನು ಕಂಡ ಸಂಸಾರ ಇಷ್ಟೇ. ನಿದ್ದೆಯಲ್ಲೂ ಅವಳು ಗಂಟಿನ ಮೇಲೆ ಒಂದು ಕೈ ಇಟ್ಟೇ ಮಲಗುವಳು.

ಹುಬ್ಬಳ್ಳಿಯಲ್ಲಿ ಅವಳು ಇಳಿದುಕೊಳ್ಳುತ್ತಿದ್ದದ್ದು ನೀಲಮ್ಮನ ಮನೆಯ ಹಿಂದಿನ ಖೋಲಿಯಲ್ಲಿ. ನೀಲಮ್ಮನದು ರೊಟ್ಟಿ ಕೇಂದ್ರ. ಹೊತ್ತು ಹುಟ್ಟುವ ಮೊದಲೇ ಅಲ್ಲಿ ಪಟಪಟ ಶುರು. ರೊಟ್ಟಿ ಬಡಿಯುತ್ತಲೇ ಜಗತ್ತಿನ ಎಲ್ಲರ ಸುದ್ದಿಗೂ ತೀರ್ಪು ಕೊಡುವ ಹೆಂಗಸು ಅವಳು. ಗಂಡ ಇಲ್ಲ, ಮಕ್ಕಳಿಲ್ಲ, ಬಾಯಿಗೆ ಬಿಡುವಿಲ್ಲ. ಯಾಂಗ್ಚೆನ್ ಎಂಬ ಹೆಸರು ಅವಳ ನಾಲಿಗೆಗೆ ಸರಿಹೋಗದೆ ಮೊದಲ ದಿನವೇ ‘ಯಂಚವ್ವ’ ಆಯಿತು.

ಇಬ್ಬರ ಮೊದಲ ಜಗಳ ನನಗೆ ಚೆನ್ನಾಗಿ ನೆನಪಿದೆ. ಯಾಂಗ್ಚೆನ್ ತನ್ನ ಅಂಗಡಿಗೆ ‘ಒಂದೇ ದರ’ ಎಂಬ ಹಲಗೆ ಹಾಕುತ್ತಿದ್ದಳು. ಸಾಹೇಬ ಬರಲಿ, ಹಮಾಲ ಬರಲಿ, ಆ ಸ್ವೆಟರಿಗೆ ಅಷ್ಟೇ. ನೀಲಮ್ಮ ಒಂದು ಸ್ವೆಟರ್ ಆರಿಸಿಕೊಂಡು, ನಾನು ಮನೆಯೊಡತಿ, ನನಗಷ್ಟು ಕಡಿಮೆ ಮಾಡು ಅಂದಳು. ಇವಳು ಮಾಡಲಿಲ್ಲ. ನೀಲಮ್ಮ ಮುಖ ಗಂಟು ಹಾಕಿಕೊಂಡು ತಿಂಗಳುಗಟ್ಟಲೆ ಸಿಡಿಮಿಡಿ ಅಂದಳು. ಚಳಿಗಾಲ ಮುಗಿದು ಊರಿಗೆ ಹೊರಡುವ ದಿನ ಯಾಂಗ್ಚೆನ್ ಅದೇ ಸ್ವೆಟರನ್ನು ತಂದು ಸುಮ್ಮನೆ ಅವಳ ಮಡಿಲಿಗೆ ಹಾಕಿದಳು. ಕೊಡೋದಾದರೆ ಪೂರಾ ಕೊಡ್ತೀನಿ, ದರ ಮಾತ್ರ ಎರಡು ಮಾಡೋದಿಲ್ಲ ಅಂದಳು. ಅಂದಿನಿಂದ ಇಬ್ಬರೂ ಬಿಟ್ಟೂ ಬಿಡದ ಗೆಳತಿಯರು.

ವರ್ಷಗಳು ಹೀಗೆ ಉರುಳಿದವು. ಒಂದು ಮಳೆಗಾಲ ಪೆಂಪಾ ತೀರಿಕೊಂಡ. ಆ ಸಲ ಹುಬ್ಬಳ್ಳಿಗೆ ಬಂದ ಯಾಂಗ್ಚೆನ್ ಬೇರೆಯೇ ಆಗಿದ್ದಳು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಅಂಗಡಿಯಲ್ಲಿ ಮಡಚಿಟ್ಟ ಸ್ವೆಟರನ್ನೇ ಮತ್ತೆ ಬಿಚ್ಚಿ ಮಡಚುವಳು. ಕಾರಣ ನನಗೆ ಗೊತ್ತಿತ್ತು. ಅಪ್ಪನಿಗೋಸ್ಕರ ಮುಟ್ಟದೆ ಇಟ್ಟಿದ್ದ ಪಾಸ್‌ಪೋರ್ಟಿನ ಅರ್ಜಿಗೆ ಈಗ ಅಡ್ಡ ಬರುವವರು ಯಾರೂ ಇರಲಿಲ್ಲ. ಹಾಕಿದರೆ ಅಪ್ಪನ ಬೆನ್ನಿಗೆ ಚೂರಿ ಹಾಕಿದಂತೆ. ಹಾಕದಿದ್ದರೆ ಬದುಕಿರುವ ತನಕ ವರ್ಷ ವರ್ಷ ಕಚೇರಿಯ ಬಾಗಿಲಲ್ಲಿ ನಿಂತು, ನಾನು ಇಲ್ಲಿರಬಹುದೇ ಎಂದು ಕೇಳಬೇಕು. ಒಂದು ದಿನ ಹಾಕುತ್ತೇನೆ ಅನ್ನುವಳು, ಮರುದಿನ ಇಲ್ಲ ಅನ್ನುವಳು.

ನೀಲಮ್ಮನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಹುಟ್ಟಿದ್ದು ಇಲ್ಲಿ, ಉಣ್ಣುವುದು ಇಲ್ಲಿ, ಒಂದು ಸಹಿ ಹಾಕಲಿಕ್ಕೆ ಇಷ್ಟು ಒದ್ದಾಟ ಯಾತಕ್ಕೆ ಅಂತ ಅವಳ ವಾದ. ಹಿಟ್ಟು ನಾದುವಾಗ ಒಮ್ಮೆ, ರೊಟ್ಟಿ ಬೇಯಿಸುವಾಗ ಒಮ್ಮೆ, ಸಹಿ ಹಾಕು, ಸಹಿ ಹಾಕು ಎಂದು ತಲೆ ತಿನ್ನುವಳು. ಕೊನೆಗೆ ಇವಳ ಮಂಕು ನೋಡಲಾಗದೆ, ಒಂದು ದಿನ ಕೇಂದ್ರಕ್ಕೆ ಬೀಗ ಹಾಕಿ, ನಡಿ ಎಲ್ಲಿಯಾದರೂ ಹೋಗಿ ಬರೋಣ ಅಂದಳು. ಇಷ್ಟು ವರ್ಷದ ಗೆಳೆತನದಲ್ಲಿ ಇಬ್ಬರೂ ಕೂಡಿ ಒಂದು ಸಿನಿಮಾಕ್ಕೂ ಹೋದವರಲ್ಲ.

ಹೋದದ್ದು ಒಂದು ಹಳೆಯ ಸಂಸ್ಥಾನದ ಅರಮನೆಗೆ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ನೀಲಮ್ಮ ಇಳಕಲ್ ಸೀರೆ ಉಟ್ಟಿದ್ದಳು. ಯಾಂಗ್ಚೆನ್ ತನ್ನವರ ಉದ್ದನೆಯ ನಿಲುವಂಗಿ ಚುಪಾ ತೊಟ್ಟು, ಮೇಲೆ ಪಟ್ಟೆಪಟ್ಟೆಯ ಹಬ್ಬದ ಏಪ್ರನ್ನು ಕಟ್ಟಿಕೊಂಡಿದ್ದಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಆ ಬಸ್ಸಿನಲ್ಲೇ.

ಟಿಕೆಟ್ ಕಿಟಕಿಯ ಮೇಲೆ ದೊಡ್ಡ ಹಲಗೆ ಇತ್ತು. ಭಾರತೀಯರಿಗೆ ಮೂವತ್ತು ರೂಪಾಯಿ, ವಿದೇಶಿಯರಿಗೆ ಆರುನೂರು. ಯಾಂಗ್ಚೆನ್ ಅದನ್ನು ಓದಿ ನಿಂತುಬಿಟ್ಟಳು. ಒಳಗೆ ತಿಂಡಿ ತೀರ್ಥ ಒಯ್ಯುವ ಹಾಗಿಲ್ಲ ಎಂದು ಕಾವಲುಗಾರ ಹೇಳಿದ್ದರಿಂದ ನನ್ನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು. ಹಾಗಾಗಿ ನಡೆದದ್ದೆಲ್ಲವನ್ನೂ ನಾನು ಕಣ್ಣಾರೆ ನೋಡಿದೆ. ಕಿಟಕಿಯೊಳಗೆ ಮಫ್ಲರ್ ಸುತ್ತಿಕೊಂಡ ಗುಮಾಸ್ತ, ಅವನ ಮುಂದೆ ಕಂಪ್ಯೂಟರ್. ನೀಲಮ್ಮ ಎರಡು ಟಿಕೀಟ ಅಂದಳು. ಅವನು ಯಾಂಗ್ಚೆನ್‌ಳ ಮುಖ ನೋಡಿ, ಒಂದು ಇಲ್ಲಿಯದು, ಒಂದು ವಿದೇಶಿ ಅಲ್ಲವೇ ಎಂದು ಕೇಳಿದ.

ನೀಲಮ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ಸುಳ್ಳು ಹೊಸೆದಳು. ಈಕೆ ನನ್ನ ತಮ್ಮನ ಹೆಂಡತಿ, ಮಣಿಪುರದವಳು ಅಂದಳು. ಎಂಥಾ ಧೈರ್ಯ ಅಂತೀರಿ! ಗುಮಾಸ್ತನೂ ಒಳ್ಳೆಯ ಮನುಷ್ಯ, ನಂಬಿದಂತೆಯೇ ಮಾಡಿ ಬೆರಳನ್ನು ಕೀಲಿಮಣೆಯ ಮೇಲೆ ಇಟ್ಟ. ಇನ್ನೇನು ಅಗ್ಗದ ಟಿಕೆಟ್ಟು ಹೊರಬರಬೇಕು, ಅಷ್ಟರಲ್ಲಿ ಯಾಂಗ್ಚೆನ್ ಬಾಯಿ ಬಿಟ್ಟಳು.

“ಅಲ್ರೀ. ನಾ ಟಿಬೆಟದಾಕಿ. ಹುಟ್ಟಿದ್ದು ಮುಂಡಗೋಡ. ಆ ದೊಡ್ಡ ದರದ್ದ ಕೊಡ್ರಿ.”

ನೀಲಮ್ಮನ ಮುಖ ಸಣ್ಣಗಾಯಿತು. ನಾಲ್ಕು ಜನರ ಮುಂದೆ ಸುಳ್ಳುಗಾತಿ ಆದದ್ದಕ್ಕಲ್ಲ, ಅದನ್ನು ಅವಳು ಕೊಡವಿ ಹಾಕುವಳು. ಅವಳಿಗೆ ನಿಜಕ್ಕೂ ನೋವಾಗಿತ್ತು. ಯಾಂಗ್ಚೆನ್‌ಳ ಕಿವಿಯ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು: “ಇಷ್ಟು ವರ್ಷ ಆತಲ್ಲವಾ ಯಂಚವ್ವ. ನಾವಿನ್ನೂ ನಿನಗ ಹೊರಗಿನವರೇನು?”

ಯಾಂಗ್ಚೆನ್ ಆರುನೂರು ರೂಪಾಯಿ ಕಿಟಕಿಯೊಳಗೆ ತಳ್ಳಿದಳು. ಗುಮಾಸ್ತ, ಯಾವ ದೇಶ ಅಂತ ಒತ್ತಬೇಕು, ಇಲ್ಲದಿದ್ದರೆ ಟಿಕೆಟ್ ಬರುವುದಿಲ್ಲ ಅಂದ. ಅವಳು ಟಿಬೆಟ್ ಅಂದಳು. ಅವನು ಪಟ್ಟಿಯನ್ನು ಮೇಲಿಂದ ಕೆಳಗೆ ಇಳಿಸಿದ, ಕೆಳಗಿಂದ ಮೇಲೆ ಏರಿಸಿದ. ಹೆಸರೇ ಕೇಳಿರದ ದೇಶಗಳೆಲ್ಲ ಒಂದೊಂದಾಗಿ ಸರಿದುಹೋದವು. ಟಿಬೆಟ್ ಬರಲಿಲ್ಲ. ಹಾಗಾದರೆ ಇಂಡಿಯಾ ಅಂತಲೇ ಹಾಕಿ, ದುಡ್ಡು ವಿದೇಶಿಯದೇ ತೆಗೆದುಕೊಳ್ಳಿ ಅಂದಳು. ಇದು ವಿದೇಶಿಯರ ಪಟ್ಟಿ ಅಕ್ಕ, ಇದರಲ್ಲಿ ಇಂಡಿಯಾ ಹೇಗೆ ಇರುತ್ತದೆ ಅಂದ ಅವನು. ನೋಡಿ, ಅಷ್ಟುದ್ದದ ಪಟ್ಟಿ. ಜಗತ್ತೆಲ್ಲ ಅದರಲ್ಲಿತ್ತು, ಅವಳ ಎರಡು ದೇಶ ಬಿಟ್ಟು.

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಯಾರೋ ಬೇಗ ಮುಗಿಸ್ರಿ ಅಂದರು. ಗುಮಾಸ್ತ ಮುಂದಕ್ಕೆ ಬಾಗಿ, ಉಪಕಾರ ಮಾಡುವವನ ಹಾಗೆ ಮೆಲ್ಲಗೆ ಹೇಳಿದ: “ಯಾವುದರ ಒಂದು ಒತ್ತಿಬಿಡ್ತೀನ್ರಿ ಅಕ್ಕಾರ. ಯಾರ್ ನೋಡ್ತಾರ?”

ಯಾಂಗ್ಚೆನ್‌ಳ ಕೈ ನನ್ನ ಹಿಡಿಕೆಯ ಮೇಲಿತ್ತು. ಅವಳು ನನ್ನನ್ನು ತನ್ನ ಹತ್ತಿರ ಎಳೆದುಕೊಂಡಳು.

“ನಮ್ಮಪ್ಪ ಸಾಯೂತನಕ ಯಾವುದರ ಒಂದು ಅನ್ನಲಿಲ್ರಿ,” ಅಂದಳು. “ಒಂದು ಟಿಕೀಟಿನ ಸಲುವಾಗಿ ನಾ ಹೆಂಗ ಅನ್ನಲಿ?”

ಗುಮಾಸ್ತ ದುಡ್ಡನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಅವನಾದರೂ ಏನು ಮಾಡಿಯಾನು. ನೀಲಮ್ಮ ನನ್ನನ್ನು ಎತ್ತಿಕೊಂಡಳು, ಇನ್ನೊಂದು ಕೈಯಲ್ಲಿ ಯಾಂಗ್ಚೆನ್‌ಳ ರಟ್ಟೆ ಹಿಡಿದಳು, ಸಾಲಿನಿಂದ ಹೊರಗೆ ನಡೆದಳು. ಅಷ್ಟು ದೂರ ಹೋದವರು ಅರಮನೆಯ ಹೊಸ್ತಿಲನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಬಂದರು.

ಬರುವ ದಾರಿಯಲ್ಲಿ ನಾನು ನೀಲಮ್ಮನ ತೊಡೆಯ ಮೇಲಿದ್ದೆ. ಯಾಂಗ್ಚೆನ್ ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದಳು. ಒಮ್ಮೆ ಕಣ್ಣು ಒರೆಸಿಕೊಂಡಳು. ಬಸ್ಸು ಒಂದೆರಡು ಊರು ದಾಟಿದ ಮೇಲೆ ನೀಲಮ್ಮ ಕೇಳಿದಳು, ನಿಮ್ಮಪ್ಪನದು ಯಾವೂರು?

ನನಗೆ ಆಶ್ಚರ್ಯವಾಯಿತು. ಅಷ್ಟು ವರ್ಷಗಳಲ್ಲಿ ಅವಳು ಯಾಂಗ್ಚೆನ್‌ಗೆ ಏನೇನೋ ಕೇಳಿದ್ದಳು, ಇದೊಂದನ್ನು ಕೇಳಿರಲಿಲ್ಲ. ಯಾಂಗ್ಚೆನ್ ತಿರುಗಿ ನೋಡಿ, ತ್ಸೊಲುಂಗ್ ಅಂದಳು. ತಾನೂ ಅದನ್ನು ಕಂಡಿಲ್ಲ, ಮನೆಯ ಹಿಂದೆ ಹೊಳೆ ಹರಿಯುತ್ತಿತ್ತಂತೆ, ಅಷ್ಟೇ ಗೊತ್ತು ಅಂದಳು. ನೀಲಮ್ಮ ‘ಸೋಲುಂಗಿ’ ಅಂದಳು. ಯಾಂಗ್ಚೆನ್ ತಿದ್ದಿದಳು. ಮತ್ತೆ ತಪ್ಪಿತು, ಮತ್ತೆ ತಿದ್ದಿದಳು. ಯಾಂಗ್ಚೆನ್‌ಳನ್ನು ಯಂಚವ್ವ ಮಾಡಿ ಕೈತೊಳೆದುಕೊಂಡಿದ್ದ ಹೆಂಗಸು ಅವತ್ತು ಹುಬ್ಬಳ್ಳಿ ಬರುವ ತನಕ ನಾಲಿಗೆ ಹೊರಳಿಸಿ ಹೊರಳಿಸಿ ಆ ಊರಿನ ಹೆಸರನ್ನು ಸರಿಯಾಗಿ ಕಲಿತಳು. ಆಮೇಲೆ ಹೇಳಿದಳು: “ಸಹಿ ಹಾಕು, ಸಹಿ ಹಾಕು ಅಂತ ಕುಣೀತಿದ್ನಲ್ಲ. ನೀ ಏನು ಬಿಡಬೇಕಾಗ್ತದ ಅಂತ ನನಗ ತಿಳೀಲಿಲ್ಲವಾ. ಹಾಕು, ಬಿಡು, ನಿನ್ನ ಖುಷಿ. ಖೋಲಿಯಂತೂ ನಿಂದ.”

ಅರ್ಜಿ ಹಾಕು ಎಂದು ಒತ್ತಾಯ ಮಾಡುವವರು ಇಲ್ಲದ ಮೇಲೆ, ಬೇಡ ಎಂದು ತಡೆಯುವವನೂ ಇಲ್ಲದ ಮೇಲೆ, ಆ ಬೇಸಿಗೆ ಯಾಂಗ್ಚೆನ್ ತಾನೇ ಕೂತು ಅರ್ಜಿ ಬರೆದಳು. ಬರೆಯುವಾಗ ಅತ್ತಳು. ನಾನು ಪಕ್ಕದಲ್ಲೇ ಇದ್ದೆ. ಅಪ್ಪನ ಪಟದ ಮುಂದೆ ನನ್ನೊಳಗಿನ ಉಪ್ಪಿನ ಚಹಾ ಒಂದು ಬಟ್ಟಲು ಬಗ್ಗಿಸಿಟ್ಟು, ಸಿಟ್ಟಾಗಬೇಡ ಅಂತ ಕೇಳಿಕೊಂಡಳು.

ನನ್ನ ಕಥೆ ಅದರಾಚೆ ಹೆಚ್ಚು ದಿನ ನಡೆಯಲಿಲ್ಲ. ಮುಂದಿನ ಚಳಿಗಾಲ ನೀಲಮ್ಮನ ಕೈಜಾರಿ ಬಿದ್ದೆ. ಒಳಗಿನ ಗಾಜು ಛಿಲ್ಲೆಂದಿತು, ಮುಗಿಯಿತು. ಚೂರನ್ನೆಲ್ಲ ಸುರಿದು, ತೊಳೆದು, ಅವಳು ನನ್ನನ್ನು ಅಡುಗೆಮನೆಯ ಗೂಡಿನಲ್ಲಿ ಇಟ್ಟಳು. ಈಗ ನನ್ನ ಹೊಟ್ಟೆಯಲ್ಲಿ ರೊಟ್ಟಿ ಕಟ್ಟುವ ರಬ್ಬರ್ ಬ್ಯಾಂಡುಗಳಿವೆ. ಜೀವಮಾನವೆಲ್ಲ ಓಡಾಡಿದವರಿಗೆ ಕೂತಲ್ಲಿ ಕೂರುವುದು ಶಿಕ್ಷೆ. ಬಸ್ಸಿನ ಹಾರ್ನ್ ಕೇಳಿದರೆ ಈಗಲೂ ಹೊರಡಬೇಕು ಅನ್ನಿಸುತ್ತದೆ. ಯಾಂಗ್ಚೆನ್ ಒಂದು ಸ್ಟೀಲಿನ ಫ್ಲಾಸ್ಕು ತಂದಿದ್ದಾಳೆ. ಅದರ ಜೊತೆಗೆ ನಾನು ಮಾತಾಡುವುದಿಲ್ಲ.

ಎಷ್ಟೋ ಅಲೆದಾಟದ ಮೇಲೆ ಪಾಸ್‌ಪೋರ್ಟು ಬಂತು. ಬಂದ ವಾರವೇ ಇಬ್ಬರೂ ಮತ್ತೆ ಆ ಅರಮನೆಗೆ ಹೋಗಿ ಬಂದರು. ಮೂವತ್ತು ರೂಪಾಯಿಯ ಎರಡು ಟಿಕೆಟ್. ಮರಳಿ ಬಂದ ನೀಲಮ್ಮ ಚಪ್ಪಲಿ ಬಿಡುತ್ತಲೇ ತೀರ್ಪು ಕೊಟ್ಟಳು: ಒಳಗೆ ನೋಡುವಂಥದ್ದು ಏನೂ ಇಲ್ಲ, ನಾಲ್ಕು ಖುರ್ಚಿ, ತುಕ್ಕು ಹಿಡಿದ ಕತ್ತಿ, ಸತ್ತ ಹುಲಿಯ ತಲೆ. ಯಾಂಗ್ಚೆನ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆದರೆ ನಾನು ಗೂಡಿನಿಂದ ನೋಡುತ್ತಲೇ ಇರುತ್ತೇನೆ. ಬಾಗಿಲಿಗೆ ಕರೆಂಟ್ ಬಿಲ್ಲಿನವನು ಬರಲಿ, ಅಂಚೆಯವನು ಬರಲಿ, ರೊಟ್ಟಿ ಕೇಳಲು ಹೊಸಬರು ಬಂದು ನಿಲ್ಲಲಿ, ಅವರು ಬಾಯಿ ಬಿಡುವ ಮೊದಲೇ ಚೀಲದೊಳಗಿನ ಪಾಸ್‌ಪೋರ್ಟಿನತ್ತ ಯಾಂಗ್ಚೆನ್‌ಳ ಕೈ ಹೋಗುತ್ತದೆ. ನೀಲಮ್ಮ ಅದನ್ನು ಕಂಡರೂ ಕಾಣದವಳಂತೆ ರೊಟ್ಟಿ ಬಡಿಯುತ್ತಾಳೆ, ಬಂದವರಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳುತ್ತಾಳೆ: “ಅವರು ರೊಟ್ಟಿಗೆ ಬಂದಾರವಾ. ಕೈ ತಗದು ಹಿಟ್ಟಿಗೆ ಹಚ್ಚು.”