ಹೆಕ್ಟರನ ಕಿವಿಯಲ್ಲಿ

"ಹಿಂದಿನಿಂದ ತಳ್ಳು ಮೇವಿಸ್, ನಾನು ಈ ಕಡೆಯಿಂದ ಎಳೀತೀನಿ," ಎಂದಳು ಡೆನೀಸ್.

ಚಿತಾಗಾರದ ಅಂಗಳದಲ್ಲಿ ನಿಂತಿದ್ದ ಕಾರಿನ ಹಿಂದಿನ ಸೀಟಿನ ಮೇಲೆ ಹೆಕ್ಟರ್ ನಾಲ್ಕೂ ಕಾಲು ಊರಿ ನಿಂತಿತ್ತು. ಹನ್ನೊಂದು ವರ್ಷದ ಬೂದು ಗ್ರೇಹೌಂಡ್. ಹಿಂದೆ ಪಂದ್ಯದಲ್ಲಿ ಓಡುತ್ತಿದ್ದ ನಾಯಿ, ಈಗ ಒಂದು ಹೆಜ್ಜೆ ಇಳಿಯಲು ಒಲ್ಲದು.

"ಎಪ್ಪತ್ತೇಳು ನನಗೆ. ನಾಯಿ ಅಂಡು ತಳ್ಳೋ ವಯಸ್ಸಾ ಇದು?" ಮೇವಿಸ್ ಗೊಣಗಿದಳು. "ಆ ಹಳದಿ ಅಂಗಿ ಹಾಕೇ. ಅದಿದ್ರೆ ಶಾಲೆ ಕೆಲಸ ಅಂತ ತಾನೇ ಇಳಿಯುತ್ತೆ."

"ಅಂಗೀನ ಸಂಸ್ಥೆಯೋರು ವಾಪಸ್ ತಗೊಂಡ್ರಲ್ಲ."

"ಓ, ಹೌದಲ್ಲ," ಎಂದು ಮೇವಿಸ್ ಬಾಯಿ ಮುಚ್ಚಿಕೊಂಡಳು. ನಲವತ್ತು ವರ್ಷ ಡೆನೀಸಳ ತಾಯಿ ಬೆರಿಲ್‌ಳ ಪಕ್ಕದ ಮನೆಯಲ್ಲಿದ್ದವಳು ಅವಳು. ಅದಕ್ಕೂ ಮುಂಚೆ ಗಿರಣಿಯಲ್ಲಿ ಪಕ್ಕದ ಮಗ್ಗದವಳು.

ಕಪ್ಪು ಕೋಟಿನ ಅಂತ್ಯಕ್ರಿಯೆಯವನು ಬಂದು ಡೆನೀಸಳ ಕೈಗೆ ಒಂದು ಸಣ್ಣ ಲಕೋಟೆ ಕೊಟ್ಟ. "ನಿಮ್ಮ ತಾಯಿಯವರ ಕಿವಿಯಂತ್ರ. ಬ್ಯಾಟರಿ ಇರೋದನ್ನ ಒಳಗೆ ಕಳಿಸೋ ಹಾಗಿಲ್ಲ. ಶಾಖಕ್ಕೆ ಸಿಡಿಯುತ್ತೆ."

ಡೆನೀಸ್ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಕೊನೆಗೆ ನಾಯಿಯನ್ನು ಇಬ್ಬರೂ ಎತ್ತಿಯೇ ಇಳಿಸಿದರು.

ಒಳಗೆ ಇದ್ದದ್ದು ಅರ್ಧ ಗಂಟೆಯ ಸಮಯ. ಮುಂದಿನ ಹೆಣದವರು ಆಗಲೇ ಹೊರಗೆ ಸೇರಿದ್ದರು. ಬೆರಿಲ್‌ಳನ್ನು ಒಮ್ಮೆಯೂ ಕಂಡಿರದ ಪಾದ್ರಿ ಅವಳ ದೊಡ್ಡ ಮನಸ್ಸಿನ ಬಗ್ಗೆ ಮಾತಾಡಿದ. ಮಗ್ಗದ ಕಾಲದ ಐದಾರು ಮುದುಕಿಯರು ಆ ಸಾಲಿನಿಂದ ಈ ಸಾಲಿಗೆ ಸದ್ದಿಲ್ಲದೆ ತುಟಿಯಲ್ಲೇ ಹರಟುತ್ತಿದ್ದರು. ಮೇವಿಸ್ ಡೆನೀಸಳ ಕಡೆ ತಿರುಗಿ ತುಟಿ ಅಗಲಿಸಿ ಅಂದಳು: ಹಿಂದಿನ ಸಾಲು ನೋಡು. ಆ ಹುಡುಗಿ.

ಡೆನೀಸ್ ತಿರುಗಿದಳು. ಶಾಲೆಯ ಕೋಟು ತೊಟ್ಟ ಕೀರಾ. ಪಕ್ಕದಲ್ಲಿ ಕೈಕಟ್ಟಿ ಕೂತ ಅವಳ ತಾಯಿ ಶೆಲಿ.

*

ಬೆರಿಲ್ ಹದಿನೈದಕ್ಕೆ ನೇಯ್ಗೆ ಗಿರಣಿ ಸೇರಿದವಳು. ಮುನ್ನೂರು ಮಗ್ಗಗಳ ಗದ್ದಲದಲ್ಲಿ ಹೆಂಗಸರೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದರು. ಮೂವತ್ತು ದಾಟುವಷ್ಟರಲ್ಲಿ ಅವಳ ಕಿವಿ ಹೋಗಿತ್ತು, ಗಿರಣಿಯೂ ಮುಚ್ಚಿತ್ತು. ಆಮೇಲೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತೈದು ವರ್ಷ ಆಲೂಗಡ್ಡೆ ಸುಲಿದಳು. ಗಂಡ ಸತ್ತ ಮೇಲೆ ಹೆಕ್ಟರನನ್ನು ತಂದಳು. ಎದೆಯ ಮೇಲೆ ಮಗು ಮಲಗಿದರೂ ಅಲುಗಾಡದ ನಾಯಿ. ಯಾರೋ ಹೇಳಿದರು, ಶಾಲೆಯ ಮಕ್ಕಳ ಸಮಾಧಾನಕ್ಕೆ ನಾಯಿ ಕಳಿಸುವ ಸಂಸ್ಥೆಯವರು ಮೂರು ಶನಿವಾರ ತರಬೇತಿ ಕೊಟ್ಟರು, ನಾಯಿಗೆ ಹಳದಿ ಅಂಗಿ ಬಂತು.

ಪ್ರತಿ ಗುರುವಾರ ಶಾಲೆಯ ಗ್ರಂಥಾಲಯದ ಪಕ್ಕದ ಕೋಣೆ. ತರಗತಿಗೆ ಹೋಗದವರು, ಊಟ ಬಿಟ್ಟವರು, ಕೈ ಕಚ್ಚಿಕೊಳ್ಳುವವರು ಒಬ್ಬೊಬ್ಬರಾಗಿ ಬಂದು ಇಪ್ಪತ್ತು ನಿಮಿಷ ಹೆಕ್ಟರನ ಪಕ್ಕ ಕೂರುತ್ತಿದ್ದರು. ಮಗುವಿನ ಬಾಯಿ ನಾಯಿಯ ಕಿವಿಯ ಹತ್ತಿರ ಹೋದದ್ದೇ ತಡ, ಬೆರಿಲ್ ತನ್ನ ಕಿವಿಯಂತ್ರ ನಿಲ್ಲಿಸಿ, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಬಿಡುತ್ತಿದ್ದಳು.

"ಮಕ್ಕಳ ಗುಟ್ಟು ಕದ್ದು ಕೇಳ್ತಾರೇನೇ?" ಎಂದಿದ್ದಳು ಮಗಳಿಗೆ. "ನಾನು ತುಟಿ ಓದೋಳು. ಮುಖ ನೋಡಿದ್ರೂ ಕೇಳಿಸ್ಕೊಂಡ ಹಾಗೇ."

ಗಿರಣಿಯಲ್ಲಿ ಅದು ಮರ್ಯಾದೆ. ಇಬ್ಬರು ಗುಟ್ಟು ಮಾತಾಡುತ್ತಿದ್ದರೆ ಮೂರನೆಯವಳು ಗೋಡೆಯ ಕಡೆ ತಿರುಗಬೇಕು. ಸಂಸ್ಥೆಯ ಪುಸ್ತಕದ ಎರಡನೆಯ ಪುಟದಲ್ಲಿ ಬೇರೆಯೇ ಇತ್ತು: ಮಗು ಹೇಳುವುದನ್ನು ಗಮನಿಸುತ್ತಿರಬೇಕು, ಅಪಾಯದ ಸೂಚನೆ ಕಂಡರೆ ಅಂದೇ ಶಿಕ್ಷಕರಿಗೆ ತಿಳಿಸಬೇಕು. ಅದರ ಕೆಳಗೆ ಬೆರಿಲ್ ಸಹಿ ಹಾಕಿದ್ದಳು.

ಫೆಬ್ರವರಿಯ ಒಂದು ಗುರುವಾರ ಕೀರಾ ಬಹಳ ಹೊತ್ತು ಮಾತಾಡಿದಳು. ಬೆರಿಲ್ ಎದುರು ಮಾಡಿನ ಮೇಲಿನ ಕಡಲಹಕ್ಕಿಗಳನ್ನು ನೋಡುತ್ತಿದ್ದಳು. ಕೊನೆಗೆ ತಿರುಗಿ, "ಆಯ್ತಾ ಪುಟ್ಟಿ?" ಎಂದಳು. ಹುಡುಗಿ ಅವಳ ಮುಖವನ್ನೇ ನೋಡಿ, ಹೂಂ ಎಂದು ತಲೆಯಾಡಿಸಿದಳು.

ಭಾನುವಾರ ಕೀರಾಳ ಮನೆ ಮುಂದೆ ಆಂಬ್ಯುಲೆನ್ಸ್ ನಿಂತಿತು. ಸಾಯಲು ಹೋಗಿದ್ದ ಹುಡುಗಿ ಬದುಕಿ ಉಳಿದಳು. ಯಾರಿಗಾದರೂ ಹೇಳಿದ್ದೆಯಾ ಎಂದು ಡಾಕ್ಟರು ಕೇಳಿದಾಗ, "ಹೇಳಿದ್ದೆ, ಗುರುವಾರ," ಎಂದಳು.

ಸಂಸ್ಥೆಯವರು ವಿಚಾರಣೆ ಮಾಡಿ ಹಳದಿ ಅಂಗಿ ವಾಪಸ್ ತೆಗೆದುಕೊಂಡ ನಂತರ ಬೆರಿಲ್ ಕಿವಿಯಂತ್ರವನ್ನು ಸ್ನಾನಕ್ಕೆ ಬಿಟ್ಟರೆ ತೆಗೆಯಲೇ ಇಲ್ಲ. ದಿನಾ ಬೆಳಿಗ್ಗೆ ಅದನ್ನು ಮುಷ್ಟಿಯಲ್ಲಿ ಮುಚ್ಚಿ ಕುಂಯ್ ಎನ್ನಿಸಿ, ನಡೆಯುತ್ತಿದೆ ಎಂದು ಖಾತ್ರಿ ಮಾಡಿಕೊಂಡೇ ಹಾಕುತ್ತಿದ್ದಳು. ಆ ಸದ್ದಿಗೆ ಹೆಕ್ಟರ್ ಎದ್ದು ಬರುವುದು ರೂಢಿಯಾಯಿತು. ಸೆಪ್ಟೆಂಬರಿನಲ್ಲಿ ಅವಳು ಅಡುಗೆಮನೆಯಲ್ಲೇ ಕುಸಿದಳು.

*

"ಈ ಹಂದಿಮಾಂಸ ನೋಡು, ಇದರ ಹಿಂದೆ ಪೇಪರ್ ಇಟ್ರೆ ಓದಬಹುದು," ಎಂದಳು ಮೇವಿಸ್, ಸ್ಯಾಂಡ್‌ವಿಚ್ ಬಿಚ್ಚಿ ಹಿಡಿದು. ಚಿತಾಗಾರದಿಂದ ಎಲ್ಲರೂ ಕಾರ್ಮಿಕರ ಕ್ಲಬ್ಬಿಗೆ ಬಂದಿದ್ದರು.

ಶೆಲಿ ನೇರ ಡೆನೀಸಳ ಎದುರು ಬಂದು ನಿಂತಳು. "ನಾನಾಗಿ ಬರ್ತಿರ್ಲಿಲ್ಲ. ಇವಳು ಹಟ ಮಾಡಿದ್ಳು. ನಿಮ್ಮಮ್ಮ ಹೋಗಿದ್ದಕ್ಕೆ ನಂಗೆ ದುಃಖ ಏನಿಲ್ಲ. ಸುಳ್ಳು ಹೇಳಲ್ಲ."

"ಹೇಳಬೇಡಿ. ಟೀ ಅಲ್ಲಿದೆ."

ಶೆಲಿ ಟೀ ಕಡೆ ಹೋಗದೆ ಸಿಗರೇಟು ಹಿಡಿದು ಹೊರಗೆ ಹೋದಳು. ಕೀರಾ ಉಳಿದಳು. ಕಿಟಕಿಯ ಬಳಿ ಡೆನೀಸಳ ಕಾಲ ಹತ್ತಿರ ಮಲಗಿದ್ದ ಹೆಕ್ಟರನನ್ನು ನೋಡುತ್ತಾ ಕೇಳಿದಳು:

"ಕಾರಿಡಾರಿನ ಆ ತುದೀಲಿ ಯಾರು ಏನು ಬೈದ್ರೂ ಅವ್ರಿಗೆ ಗೊತ್ತಾಗ್ತಿತ್ತು. ನಾನು ಹೇಳಿದ್ದು ಗೊತ್ತಾಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ನಿಜವಾಗ್ಲೂ ಗೊತ್ತಾಗ್ಲಿಲ್ಲ. ಮಿಷನ್ ಆಫ್ ಮಾಡಿ ಕಿಟಕಿ ಕಡೆ ತಿರುಗಿದ್ಲು."

"ಯಾಕೆ?"

"ನೀನು ನಾಯಿ ಹತ್ರ ಮಾತಾಡ್ತಿದ್ದೀಯ ಅಂತ."

ಕೀರಾ ಅವಳನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದಳು. "ನಾಯಿಗೆ ಹೇಳಿ ಏನಾಗ್ಬೇಕು? ಅವ್ರಿಗೆ ಕೇಳ್ಲಿ ಅಂತಾನೇ ಹೇಳಿದ್ದು."

ಮೇವಿಸ್ ದೂರದಿಂದ ಇಬ್ಬರ ತುಟಿಗಳನ್ನೂ ನೋಡುತ್ತಿದ್ದವಳು ತಟ್ಟೆಯ ಕಡೆ ತಲೆ ತಗ್ಗಿಸಿದಳು.

ಹುಡುಗಿ ಮಂಡಿಯೂರಿ ಕೂತು, ಹೆಕ್ಟರನ ಕಿವಿಯನ್ನು ಎತ್ತಿ ಬಾಯಿ ಹತ್ತಿರ ತಂದಳು. "ಹೆಕ್ಟರ್," ಎಂದಳು ಮೆಲ್ಲಗೆ, "ಅದು ಮತ್ತೆ ಶುರುವಾಗಿದೆ."

ಡೆನೀಸಳ ಕುತ್ತಿಗೆ ತನ್ನಷ್ಟಕ್ಕೆ ಕಿಟಕಿಯ ಕಡೆ ತಿರುಗತೊಡಗಿತ್ತು. ಅವಳು ತಡೆದಳು. ಜೇಬಿನೊಳಗೆ ಕೈ ಹಾಕಿ ಲಕೋಟೆ ಹರಿದು, ಕಿವಿಯಂತ್ರದ ಬ್ಯಾಟರಿಯ ಪುಟ್ಟ ಬಾಗಿಲನ್ನು ಉಗುರಿನಿಂದ ಒತ್ತಿ ಮುಚ್ಚಿದಳು. ಯಂತ್ರ ಚಾಲೂ ಆಗಿ ಮುಷ್ಟಿಯೊಳಗೆ ಕುಂಯ್ ಎಂದು ಕೂಗಿತು.

ಹೆಕ್ಟರ್ ಧಡಕ್ಕನೆ ಎದ್ದು ಬಾಗಿಲ ಕಡೆ ನೋಡಿತು.

ಕೀರಾ ಡೆನೀಸಳ ಜೇಬನ್ನು ನೋಡಿದಳು, ಆಮೇಲೆ ಮುಖವನ್ನು. ನಾಯಿಯ ಕಿವಿಯನ್ನು ಬಿಟ್ಟಳು. ಗಂಟಲು ಸರಿಮಾಡಿಕೊಂಡು, ಸ್ವಲ್ಪ ಗಟ್ಟಿಯಾಗಿ, ಮತ್ತೆ ಮೊದಲಿಂದ ಶುರುಮಾಡಿದಳು.